ಛೋಟಾ ಹಾಥಿಯ ವಂಶಾವಳಿ

ನಮ್ಮ ರಾಮದುರ್ಗಕ್ಕೆ ರೈಲು ಬರಲಿಲ್ಲ. ಭಾವೆ ಸಂಸ್ಥಾನಿಕರ ಆಳಿಕೆಯಲ್ಲಿ ಬರಲಿಲ್ಲ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೂ ಬರಲಿಲ್ಲ. 1956ರಲ್ಲಿ ಕನ್ನಡ ಸೀಮೆಗಳೆಲ್ಲ ಒಂದಾದ ಮೇಲೂ ಬರಲಿಲ್ಲ. ಲೋಕಾಪುರದಿಂದ ರಾಮದುರ್ಗ, ಸವದತ್ತಿಗಳ ಮೇಲೆ ಹಾಯ್ದು ಧಾರವಾಡ ಮುಟ್ಟುವ ಹಳಿ ಬೇಕೆಂಬ ಬೇಡಿಕೆ ಎಷ್ಟು ಮನವಿಪತ್ರಗಳಲ್ಲಿ ಹೋಗಿ ಬಂದಿತೋ ಲೆಕ್ಕವಿಲ್ಲ. ಆದ್ದರಿಂದ ಈ ಊರಿಗೆ ಬಂದುದೆಲ್ಲವೂ, ಊರಿನಿಂದ ಹೊರಟುದೆಲ್ಲವೂ ರಸ್ತೆಯ ಮೇಲೆಯೇ ಸಾಗಿದೆ. ನೇಕಾರರ ಓಣಿಗೆ ಬರುವ ನೂಲಿನ ಗಂಟು, ಅಲ್ಲಿಂದ ಹೊರಡುವ ಸೀರೆಯ ಗಂಟು, ಹೊಲದ ಉಳ್ಳಾಗಡ್ಡಿ, ಗೋವಿನಜೋಳ, ಮದುವೆಯ ಪಾತ್ರೆ ಪಗಡ, ಚೌತಿಯ ಗಣಪತಿ, ಎಲ್ಲಕ್ಕೂ ಗಾಲಿಯೇ ಗತಿ.

ಸಂಸ್ಥಾನಗಳ ವಿಲೀನವನ್ನೂ ಪಾಣಿಪತದ ಕದನಗಳನ್ನೂ ಪಾಠ ಹೇಳಿದ ಮಾಸ್ತರನು ಸರಕು ಗಾಡಿಯ ಇತಿಹಾಸಕ್ಕೇಕೆ ಕೈ ಹಾಕಿದನೆಂದು ನೀವು ಕೇಳಬಹುದು. ಕಾರಣ ಸರಳವಾಗಿದೆ. ನನ್ನ ಕೈಯಲ್ಲಿ ಕಲಿತವರೊಳಗೆ ಡಾಕ್ಟರರೂ ಎಂಜಿನಿಯರರೂ ಆದವರ ಹೆಸರುಗಳು ಶಾಲೆಯ ಸಮಾರಂಭಗಳಲ್ಲಿ ಆಗಾಗ ಕೇಳಿಬರುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ಸ್ಟಿಯರಿಂಗ್ ಹಿಡಿದವರ ಹೆಸರನ್ನು ಯಾರೂ ಓದುವುದಿಲ್ಲ. ಆದರೆ ಎಣಿಸಿದರೆ ಇವರ ಸಂಖ್ಯೆಯೇ ಹೆಚ್ಚಾದೀತು. ಅವರ ಚರಿತ್ರೆಯನ್ನು ಬರೆಯಹೊರಟರೆ ಅವರು ಓಡಿಸಿದ ಗಾಡಿಯ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ.

ನಮ್ಮ ಸೀಮೆಯ ಮೊದಲ ಸರಕು ವಾಹನ ಚಕ್ಕಡಿ. ಭರತ ಹುಣ್ಣಿಮೆಗೆ ಸಿಂಗರಿಸಿದ ಎತ್ತುಗಳನ್ನು ಹೂಡಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಸಾಲುಸಾಲಾಗಿ ಹೊರಡುತ್ತಿದ್ದ ಬಂಡಿಗಳನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಚಕ್ಕಡಿಯ ವಿಷಯದಲ್ಲಿ ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಒಂದು, ಅದರ ಹೇರು ಏಳೆಂಟು ಚೀಲ, ಬಹಳವಾದರೆ ಹತ್ತು. ಎರಡನೆಯದು, ಬಹುಮಟ್ಟಿಗೆ ಹೊಡೆಯುವವನೇ ಅದರ ಒಡೆಯನಾಗಿದ್ದನು. ಮುಂದೆ ಹೇಳಲಿರುವ ಕತೆಯೆಲ್ಲ ಈ ಎರಡು ಅಳತೆಗಳು ಕಳೆದುಹೋಗಿ ಮರಳಿ ದೊರೆತ ಕತೆಯೇ ಆಗಿದೆ.

ಕಳೆದುಹೋದದ್ದು ಲಾರಿಯ ಕಾಲದಲ್ಲಿ. 1954ರಲ್ಲಿ ಟಾಟಾದವರ ಟೆಲ್ಕೊ ಕಂಪನಿಯು ಜರ್ಮನಿಯ ಡೈಮ್ಲರ್ ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಜಮಶೇಡಪುರದಲ್ಲಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿದು ಮೂತಿಯ ಮೇಲಿನ ಬೆಂಝ್ ನಕ್ಷತ್ರ ಹೋಯಿತು, ಅದರ ಸ್ಥಳದಲ್ಲಿ ಟಾಟಾದ ಅಕ್ಷರ ಬಂತು. ಲಾರಿ ಬಂದ ಮೇಲೆ ಒಡೆಯ ಬೇರೆ, ಡ್ರೈವರ್ ಬೇರೆ, ಕ್ಲೀನರ್ ಬೇರೆಯಾದರು. ಲಾರಿಯಿಂದ ಮೇಲೆ ಬಂದವರೂ ನಮ್ಮ ಭಾಗದಲ್ಲಿದ್ದಾರೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಪ್ರಾರಂಭಿಸಿದ ವಿಜಯ ಸಂಕೇಶ್ವರರ ಉದ್ಯಮ ಇಂದು ದೇಶಕ್ಕೆಲ್ಲ ಪರಿಚಿತ. ಆದರೆ ಅವರಂಥವರು ವಿರಳ. ಬಹುಪಾಲು ಹುಡುಗರು ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಪರರ ಗಾಡಿಯಲ್ಲೇ ಮುಪ್ಪಾದರು.

ಲಾರಿಗೂ ಚಕ್ಕಡಿಗೂ ನಡುವಿನ ತೆರಪನ್ನು ಮೊದಲು ತುಂಬಿದ್ದು ಟೆಂಪೊ. ಟೆಂಪೊ ಎಂಬುದು ಜರ್ಮನಿಯ ಹ್ಯಾಂಬರ್ಗ್ ನಗರದ ಒಂದು ಕಂಪನಿಯ ವಾಹನದ ಹೆಸರು. 1958ರಲ್ಲಿ ಬಜಾಜ್ ಟೆಂಪೊ ಕಂಪನಿ ಅದರ ಮೂರು ಗಾಲಿಯ ಗಾಡಿಯನ್ನು ಭಾರತದಲ್ಲಿ ತಯಾರಿಸಲು ಹೊರಟಿತು. ಗಾಡಿ ಹಳತಾಯಿತು, ಹೆಸರು ಉಳಿಯಿತು. ಈಗ ಯಾವ ಕಂಪನಿಯ ಸಣ್ಣ ಗಾಡಿಯನ್ನು ಕಂಡರೂ ನಮ್ಮ ಜನ ಟೆಂಪೊ ಅನ್ನುತ್ತಾರೆ. ಹ್ಯಾಂಬರ್ಗಿನವರಿಗೆ ತಮ್ಮ ಹೆಸರು ಮಲಪ್ರಭೆಯ ದಂಡೆಯಲ್ಲಿ ಅಚ್ಚ ಕನ್ನಡ ನಾಮಪದವಾಗಿದೆ ಎಂದು ಯಾರಾದರೂ ತಿಳಿಸಿದರೆ ಸಂತೋಷಪಟ್ಟಾರು.

ಎಂಬತ್ತರ ದಶಕದಲ್ಲಿ ಜಪಾನಿನ ಹೆಸರು ಹೊತ್ತ ಲಘು ಲಾರಿಗಳು ಬಂದವು. ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್, ಡಿಸಿಎಂ ಟೊಯೊಟಾ ಹೀಗೆ ನಾಲ್ಕು. ಟೆಲ್ಕೊ ಯಾರ ಸಹಾಯವನ್ನೂ ಬೇಡದೆ 1986ರಲ್ಲಿ ತನ್ನದೇ 407 ಅನ್ನು ಹೊರತಂದಿತು. ಈ ಅಂಕಿಯ ಗುಟ್ಟು ಅನೇಕ ಡ್ರೈವರರಿಗೂ ತಿಳಿಯದು. ಮೊದಲಂಕಿ ಗಾಡಿಯ ಒಟ್ಟು ತೂಕದ ಟನ್ನುಗಳನ್ನೂ, ಕೊನೆಯೆರಡು ಅಂಕಿಗಳನ್ನು ಹತ್ತರಿಂದ ಗುಣಿಸಿದರೆ ಅಶ್ವಶಕ್ತಿಯನ್ನೂ ಸ್ಥೂಲವಾಗಿ ಹೇಳುತ್ತವೆ. ಇದು ಬೆಂಝ್ ಕಲಿಸಿಹೋದ ಪದ್ಧತಿ. 407 ಎಂದರೆ ನಾಲ್ಕು ಟನ್, ಎಪ್ಪತ್ತು ಅಶ್ವಶಕ್ತಿ. 1988ರಲ್ಲಿ ಅದೇ ಕಂಪನಿಯ ಮೊದಲ ಪಿಕಪ್ ಟಾಟಾಮೊಬೈಲ್ 206 ಬಂತು, ಅದರ ತರುವಾಯ 207. 407 ಗಟ್ಟಿ ಗಾಡಿ. ಇಂದಿಗೂ ಅದರ ಸಂತತಿ ನಡೆದಿದೆ. ಆದರೆ ಅದು ಸಾಹುಕಾರನ ಗಾಡಿಯಾಗಿಯೇ ಉಳಿಯಿತು. ಬಡವನ ಪಾಲಿಗೆ ಉಳಿದದ್ದು ಮೂರು ಗಾಲಿ. ಬಾರಾಮತಿಯಲ್ಲಿ ತಯಾರಾಗುವ ಪಿಯಾಜಿಯೊ ಆಪೆ ಗಾಡಿ ಬಂದಾಗ ಅದರ ಸದ್ದಿಗೆ ನಮ್ಮವರು ಟಂಟಂ ಎಂದು ನಾಮಕರಣ ಮಾಡಿದರು. ಊರೊಳಗೆ ಅದು ಸಲೀಸು. ಹೆದ್ದಾರಿಗೆ ಹೋದರೆ ಭಯ, ಇಳಿಜಾರಿನ ತಿರುವಿನಲ್ಲಿ ಹೇರು ಸರಿದರೆ ಮಗುಚಿ ಬೀಳುವುದೇ.

ಇನ್ನು ಮುಖ್ಯ ಕತೆ. 2000–01ರ ಹಣಕಾಸು ವರ್ಷದಲ್ಲಿ ಟೆಲ್ಕೊ ಸುಮಾರು 500 ಕೋಟಿ ರೂಪಾಯಿ ನಷ್ಟ ಅನುಭವಿಸಿತು. ದೊಡ್ಡ ಲಾರಿಯೊಂದನ್ನೇ ನಂಬಿದರೆ ಉಳಿಗಾಲವಿಲ್ಲವೆಂದು ಕಂಡುಕೊಂಡ ಆಡಳಿತದಲ್ಲಿ ರವಿಕಾಂತ್ ಎಂಬವರು ಪ್ರಮುಖರು. ಸಣ್ಣ ಗಾಡಿಯ ಯೋಜನೆಯನ್ನು ಗಿರೀಶ್ ವಾಘ್ ಎಂಬ ತರುಣ ಎಂಜಿನಿಯರರಿಗೆ ಒಪ್ಪಿಸಲಾಯಿತು. ಇವರೇ ಮುಂದೆ ನ್ಯಾನೊ ಕಾರಿನ ತಂಡವನ್ನೂ ನಡೆಸಿ, ಕಂಪನಿಯ ವಾಣಿಜ್ಯ ವಾಹನಗಳ ಮುಖ್ಯಸ್ಥರೂ ಆದರು. ಆ ತಂಡದವರು ನಕ್ಷೆ ಬರೆಯುವ ಮೊದಲು ಮೂರು ಗಾಲಿಯ ಗಾಡಿ ಓಡಿಸುವವರ ಬಳಿಗೆ ಹೋಗಿ ಮಾತನಾಡಿಸಿದರಂತೆ. ಹೇರು, ಮೈಲೇಜು, ಬೆಲೆಗಳ ಮಾತು ಬಂತು. ಅದರ ಜೊತೆಗೇ ನಾಲ್ಕು ಗಾಲಿಯ ಗಾಡಿಯಿದ್ದರೆ ತನಗೆ ಒಳ್ಳೆಯ ಸಂಬಂಧ ಕೂಡಿ ಬಂದೀತೆಂಬ ಒಬ್ಬ ಹುಡುಗನ ಮಾತೂ ಬಂತಂತೆ. ಈ ಸಂಗತಿಯನ್ನು ರವಿಕಾಂತರು ಅನೇಕ ಕಡೆ ಹೇಳಿದ್ದಾರೆ. ಹೆಣ್ಣು ಕೊಡುವ ಮುನ್ನ ಹುಡುಗನ ಹೊಲ ಎಷ್ಟು, ಎತ್ತು ಎಷ್ಟು ಎಂದು ಕೇಳಿದ ನಮ್ಮ ಹಿರಿಯರಿಗೆ ಇದು ಹೊಸದೇನೂ ಅಲ್ಲ.

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂತು. ಅಷ್ಟರಲ್ಲಿ ಕಂಪನಿಯ ಹೆಸರೂ ಟಾಟಾ ಮೋಟಾರ್ಸ್ ಎಂದಾಗಿತ್ತು. ಬೆಲೆ ಸುಮಾರು ಎರಡೂಕಾಲು ಲಕ್ಷ. ಜಾಹೀರಾತುಗಳಲ್ಲಿ ಅದನ್ನು ಹಿಂದಿಯಲ್ಲಿ ಛೋಟಾ ಹಾಥಿ ಎಂದು ಕರೆದರು. ಹೇರು 750 ಕಿಲೊ, ಅಂದರೆ ಏಳೂವರೆ ಕ್ವಿಂಟಲ್. ಓದುಗರು ಇಲ್ಲಿ ತುಸು ನಿಲ್ಲಬೇಕು. ಈ ಅಳತೆ ನಮ್ಮ ಚಕ್ಕಡಿಯ ಹೇರಿನ ಅಳತೆಯೇ! ಪುಣೆಯ ಎಂಜಿನಿಯರರು ಚಕ್ಕಡಿಯನ್ನು ನೋಡಿ ಲೆಕ್ಕ ಹಾಕಿದರೆಂದು ನಾನು ಹೇಳುತ್ತಿಲ್ಲ. ಒಬ್ಬ ರೈತ, ಒಬ್ಬ ಕಿರಾಣಿ ವ್ಯಾಪಾರಿ, ಒಬ್ಬ ನೇಕಾರ ಒಂದು ದಿನಕ್ಕೆ ಸಾಗಿಸಬೇಕಾದ ಸರಕು ಸಾವಿರ ವರ್ಷಗಳಿಂದ ಹೆಚ್ಚುಕಡಿಮೆ ಅಷ್ಟೇ ಇದೆ.

ಒಳಗಿನ ಯಂತ್ರವೂ ಸ್ವಾರಸ್ಯಕರ. ಟಾಟಾ ಇಂಡಿಕಾ ಕಾರಿನ 1405 ಸಿಸಿಯ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನನ್ನು ಅರ್ಧ ಮಾಡಿದರೆ ಏನು ಉಳಿಯುವುದೋ ಅದೇ ಇದರ 702 ಸಿಸಿಯ ಎರಡು ಸಿಲಿಂಡರಿನ ಎಂಜಿನ್. ಶಕ್ತಿ 16 ಅಶ್ವಶಕ್ತಿ ಮಾತ್ರ. ಎಂಜಿನ್ ಇರುವುದು ಸೀಟಿನ ಅಡಿಯಲ್ಲಿ. ಬೇಸಿಗೆಯಲ್ಲಿ ಕೂತವರಿಗೆ ಅದರ ಬಿಸಿಯ ಪ್ರತಾಪ ಗೊತ್ತು. ಮುಂದಿನ ಗಾಲಿಗಳಿಗೂ ಕಾರಿನಂತಹ ನಯವಾದ ಸ್ಪ್ರಿಂಗ್ ಇಲ್ಲ, ಲಾರಿಯಂತೆ ಇಡಿಯ ಆಕ್ಸಲ್ಲು, ಅದಕ್ಕೆ ಪಾಟಾ ಸ್ಪ್ರಿಂಗು. ಕೂತವರ ಸೊಂಟಕ್ಕೆ ಇದು ಶಿಕ್ಷೆ, ಆದರೆ ಕಟಕೋಳ, ಸುರೇಬಾನಗಳ ಕಡೆಯ ಎರೆಮಣ್ಣಿನ ಹೊಲದ ದಾರಿಗೆ ಇದೇ ತಕ್ಕದ್ದು. ಎಲ್ಲಮ್ಮನ ಗುಡ್ಡದ ಏರಿನಲ್ಲಿ ತುಂಬಿದ ಏಸ್ ಮೊದಲನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುವಾಗ ಪಕ್ಕದಲ್ಲಿ ನಡೆದು ಹೋಗುವ ಭಕ್ತರೇ ಮುಂದಾಗುತ್ತಿದ್ದರು. ಹತ್ತಿ ಮುಟ್ಟುತ್ತಿತ್ತು ಎಂಬುದೇ ದೊಡ್ಡ ಮಾತು.

ಅದು ಅಷ್ಟು ಬೇಗ ಊರೂರಿಗೆ ಹಬ್ಬಲು ಹೊರಗಿನ ಕಾರಣವೂ ಒಂದಿತ್ತು. ಅದೇ ಕಾಲಕ್ಕೆ ಸುವರ್ಣ ಚತುಷ್ಪಥ ಯೋಜನೆಯ ಹೆದ್ದಾರಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೇಲೆ ಹಾಯ್ದು ಹೋಯಿತು. ದೊಡ್ಡ ದೊಡ್ಡ ಲಾರಿಗಳು ಹೆದ್ದಾರಿಯಲ್ಲಿ ಓಡಿ ಹುಬ್ಬಳ್ಳಿಯ ಗೋದಾಮುಗಳಲ್ಲಿ ಸರಕು ಇಳಿಸಿದವು. ಅಲ್ಲಿಂದ ನರಗುಂದ, ರಾಮದುರ್ಗ, ಯರಗಟ್ಟಿಗಳಂತಹ ಒಳನಾಡಿನ ಊರುಗಳಿಗೆ ತುಣುಕು ತುಣುಕಾಗಿ ಸರಕು ಒಯ್ಯಲು ಸಣ್ಣ ಗಾಡಿ ಬೇಕಾಯಿತು. ರಸ್ತೆ ದೊಡ್ಡದಾದಷ್ಟೂ ಕೊನೆಯ ದಾರಿಯ ಗಾಡಿ ಚಿಕ್ಕದಾಗಬೇಕಾಯಿತು.

ಅಮೆರಿಕದ ಟೆಕ್ಸಾಸಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಫೋರ್ಡ್ ಎಫ್-150 ಪಿಕಪ್ಪಿನ ಚಿತ್ರ ಕಳಿಸಿದ್ದನು. ಫೋರ್ಡ್ ಎಫ್ ಶ್ರೇಣಿ 1948ರಲ್ಲಿ ಹುಟ್ಟಿದ್ದು, ನಮ್ಮ ಸಂಸ್ಥಾನ ವಿಲೀನವಾದ ವರ್ಷವೇ. 1977ರಿಂದ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತ ಬಂದ ಪಿಕಪ್ ಅದೇ. ರೈತನ ಗಾಡಿಯಾಗಿ ಹುಟ್ಟಿದ್ದು ತಲೆಮಾರಿನಿಂದ ತಲೆಮಾರಿಗೆ ಉಬ್ಬುತ್ತ, ಮೆತ್ತನೆಯ ಸೀಟು, ನಾಲ್ಕು ಬಾಗಿಲು ಪಡೆದು ಕುಟುಂಬದ ಕಾರಾಗಿಬಿಟ್ಟಿತು. ಚಿತ್ರದಲ್ಲಿದ್ದ ಗಾಡಿಯ ಹಿಂದಿನ ತೊಟ್ಟಿ ಖಾಲಿಯಾಗಿತ್ತು, ಒಂದು ಸೈಕಲ್ಲು ಬಿಟ್ಟರೆ. ಅದರಲ್ಲಿ ಎಷ್ಟು ಚೀಲ ಹೇರುತ್ತೀಯಪ್ಪಾ ಎಂದು ಕೇಳಿದ್ದಕ್ಕೆ ಅವನು ನಕ್ಕು ಉತ್ತರಿಸಲಿಲ್ಲ. ನಮ್ಮಲ್ಲಿ ಖಾಲಿ ತೊಟ್ಟಿಯ ಗಾಡಿ ಎಂದರೆ ಬಾಡಿಗೆ ಸಿಕ್ಕಿಲ್ಲವೆಂದೇ ಅರ್ಥ.

ಏಸನ್ನು ಕೊಂಡವರು ಯಾರು? ನಾನು ಕಂಡಂತೆ ಅವರಲ್ಲಿ ಹೆಚ್ಚಿನವರು ಮೊದಲ ಬಾರಿಗೆ ವಾಹನದ ಒಡೆಯರಾದವರು. ಪರರ ಲಾರಿಯಲ್ಲಿ ಹತ್ತು ಹದಿನೈದು ವರ್ಷ ದುಡಿದ ಡ್ರೈವರರು, ಟಂಟಂ ಮಾರಿ ಬಂದವರು, ಅಣ್ಣತಮ್ಮಂದಿರಲ್ಲಿ ಹೊಲ ಹಂಚಿಕೆಯಾಗಿ ಎರಡೆಕರೆ ಉಳಿದವರು. ಹೆಂಡತಿಯ ಬಂಗಾರ ಒತ್ತೆಯಿಟ್ಟು ಮುಂಗಡ ಕಟ್ಟುವುದು, ಉಳಿದುದಕ್ಕೆ ಮೂರು ನಾಲ್ಕು ವರ್ಷಗಳ ಕಂತು. ಚಕ್ಕಡಿಯ ಎರಡನೆಯ ಅಳತೆ, ಎಂದರೆ ಹೊಡೆಯುವವನೇ ಒಡೆಯನಾಗಿರುವುದು, ಹೀಗೆ ಮರಳಿ ಬಂತು. ಆದರೆ ಎತ್ತಿಗೆ ತಿಂಗಳ ಕಂತು ಇರಲಿಲ್ಲ. ಒಂದು ಮಳೆಗಾಲ ಬಾಡಿಗೆ ಕಡಿಮೆಯಾದರೆ ಸಾಲ ಕೊಟ್ಟವರು ಗಾಡಿಯನ್ನು ಜಗ್ಗಿಕೊಂಡು ಹೋದ ಪ್ರಸಂಗಗಳನ್ನೂ ಕಂಡಿದ್ದೇನೆ. ಆಗ ಗಾಡಿಯೊಂದೇ ಹೋಗುವುದಿಲ್ಲ, ಒತ್ತೆಯಿಟ್ಟ ಬಂಗಾರವೂ ಮರಳುವುದಿಲ್ಲ.

ಇಲ್ಲಿ ಶಾಲೆಗೂ ಗಾಡಿಗೂ ಇರುವ ನಂಟನ್ನು ಹೇಳಲೇಬೇಕು. ಬಾಡಿಗೆಯ ವಾಹನ ಓಡಿಸುವ ಲೈಸೆನ್ಸು ಪಡೆಯಲು ಎಂಟನೆಯ ಇಯತ್ತೆ ಪಾಸಾಗಿರಬೇಕೆಂಬ ನಿಯಮವೊಂದು ಕೇಂದ್ರದ ಮೋಟಾರು ವಾಹನ ನಿಯಮಗಳಲ್ಲಿತ್ತು. ಆರನೆಯ ಏಳನೆಯ ಇಯತ್ತೆಯಲ್ಲಿ ಮಗ್ಗಕ್ಕೋ ಕಬ್ಬಿನ ಗ್ಯಾಂಗಿಗೋ ಹೋದ ಹುಡುಗರು ಇಪ್ಪತ್ತು ದಾಟಿದ ಮೇಲೆ ಶಾಲೆಯ ಮೆಟ್ಟಿಲು ಹತ್ತಿ ಬರುತ್ತಿದ್ದರು. "ಗುರುಗಳ, ಒಂದ ವರ್ಷ ಅಷ್ಟ ಹೆಚ್ಚಿಗಿ ಬರದ ಕೊಡ್ರಿ, ನನ್ನ ಹೊಟ್ಟಿ ನಡೀತೈತ್ರಿ" ಎಂದು ಒಬ್ಬನು ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಇಲ್ಲದ ವರ್ಷವನ್ನು ರಜಿಸ್ಟರಿನಲ್ಲಿ ಹುಟ್ಟಿಸಿ ಬರೆಯಲು ನನಗೆ ಬರುತ್ತಿರಲಿಲ್ಲ. ಅವನು ಹಿಂದಿರುಗಿ ಹೋದನು. ಕ್ಲೀನರ್ ಎಂಬ ಹೆಸರಿನಲ್ಲಿಯೇ ದುಡಿದನು. ಓಡಿಸುವುದು ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದರೂ ಕಾಗದದ ಮೇಲೆ ಡ್ರೈವರ್ ಆಗಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು 7,500 ಕಿಲೊ ಒಳಗಿನ ಸರಕು ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕೆಂದು ತೀರ್ಪು ಕೊಟ್ಟಿತು. 2024ರಲ್ಲಿ ಸಂವಿಧಾನ ಪೀಠವೂ ಅದನ್ನು ಎತ್ತಿ ಹಿಡಿಯಿತು. ನಡುವೆ 2019ರಲ್ಲಿ ಕೇಂದ್ರ ಸರಕಾರ ಎಂಟನೆಯ ಇಯತ್ತೆಯ ನಿಯಮವನ್ನೇ ತೆಗೆದುಹಾಕಿತು. ಅವನಿಗೆ ಲೈಸೆನ್ಸು ದೊರೆತಾಗ ತಲೆಯಲ್ಲಿ ಬಿಳಿಗೂದಲು ಬಂದಿದ್ದವು. ಇಂದು ಅವನದೊಂದು ಸ್ವಂತ ಏಸ್ ಇದೆ, ಎರಡನೆಯ ಕೈಯಿಂದ ಕೊಂಡದ್ದು. ಓದಿಗೆ ಪ್ರೋತ್ಸಾಹ ಕೊಡುವ ಸದುದ್ದೇಶದ ನಿಯಮವೆಂದು ಅದನ್ನು ಹೊಗಳಿದವರಿದ್ದಾರೆ. ಅದು ಯಾವ ಹುಡುಗನನ್ನೂ ಶಾಲೆಗೆ ಮರಳಿ ತಂದದ್ದನ್ನು ನಾನು ಕಾಣೆ.

ಮುಂದಿನ ತಲೆಮಾರುಗಳ ಸಂಗತಿಯನ್ನು ಬೇಗ ಹೇಳಿ ಮುಗಿಸುವೆ. 2007ರಲ್ಲಿ ಅದೇ ಚೌಕಟ್ಟಿನ ಮೇಲೆ ಜನರನ್ನು ಒಯ್ಯುವ ಮ್ಯಾಜಿಕ್ ಬಂತು. ತಯಾರಿಕೆ ಉತ್ತರಾಖಂಡದ ಪಂತನಗರಕ್ಕೆ ಹೋಯಿತು. 2009ರಲ್ಲಿ ಒಂದು ಟನ್ ಹೊರುವ ಸೂಪರ್ ಏಸ್. ಆಮೇಲೆ ಇನ್ನೂ ಚಿಕ್ಕದಾದ, ಒಂದೇ ಸಿಲಿಂಡರಿನ ಏಸ್ ಜಿಪ್. ಈ ಜಿಪ್ ನಮ್ಮ ನೆರೆಯ ಧಾರವಾಡದ ಕಾರಖಾನೆಯಲ್ಲಿಯೇ ತಯಾರಾಯಿತು ಎಂಬುದು ಹೆಮ್ಮೆಯ ಮಾತು. ಆದರೆ ಆ ಗಾಡಿ ಅಷ್ಟಾಗಿ ಬೇರೂರಲಿಲ್ಲ. ಬಳಿಕ ಏಸ್ ಮೆಗಾ, 2018ರಲ್ಲಿ ಏಸ್ ಗೋಲ್ಡ್. ಇತರ ಕಂಪನಿಗಳೂ ಸುಮ್ಮನಿರಲಿಲ್ಲ. ಅಶೋಕ್ ಲೇಲ್ಯಾಂಡಿನ ದೋಸ್ತ್ 2011ರಲ್ಲಿ ಬಂತು, ಮಹೀಂದ್ರಾದ ಜೀತೊ 2015ರಲ್ಲಿ. 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುತ್ತ ಪ್ರಾರಂಭಿಸಿದ ಮಹೀಂದ್ರಾದ ಬೊಲೆರೊ ಪಿಕಪ್ ಇಂದು ನಮ್ಮ ತಾಲೂಕಿನ ರಸ್ತೆಗಳಲ್ಲಿ ಏಸಿಗಿಂತ ಗಟ್ಟಿಯಾದ ಎದುರಾಳಿ. ಉಳ್ಳಾಗಡ್ಡಿಯ ಹಂಗಾಮಿನಲ್ಲಿ ನಿಂತು ನೋಡಿದರೆ ಹತ್ತರಲ್ಲಿ ಆರು ಗಾಡಿ ಬೊಲೆರೊ ಇದ್ದೀತು. ಏಕೆಂದರೆ ಜನ ಏಸಿನ ಮೇಲೆ ಹೇರುತ್ತಿದ್ದುದು 750 ಕಿಲೊ ಅಲ್ಲ, ಅದರ ಎರಡರಷ್ಟು. ಪಾಟಾ ಸ್ಪ್ರಿಂಗು ತಡೆಯಿತು, ಬ್ರೇಕು ತಡೆಯಲಿಲ್ಲ. ಇನ್ನೂ ಹೇಳಬೇಕೆಂದರೆ, ಸರಕಿನ ಗಾಡಿಯಲ್ಲಿ ಮದುವೆಯ ದಿಬ್ಬಣವನ್ನೂ ಕಳೆ ತೆಗೆಯುವ ಹೆಣ್ಣುಮಕ್ಕಳನ್ನೂ ನಿಲ್ಲಿಸಿಕೊಂಡು ಒಯ್ಯುವ ರೂಢಿಯನ್ನು ನಾನು ಎಂದೂ ಒಪ್ಪಿಲ್ಲ. ಕಾಯಿದೆ ಅದನ್ನು ನಿಷೇಧಿಸಿದೆ. ಗಾಡಿಯಿರುವ ನನ್ನ ಶಿಷ್ಯರು ಇದನ್ನು ಓದುತ್ತಿದ್ದರೆ ಸಿಟ್ಟಾಗಬಾರದು.

2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಮಲಪ್ರಭೆ ದಂಡೆ ಮೀರಿ ಊರೊಳಗೆ ಬಂದಾಗ ಈ ಗಾಡಿಗಳ ನಿಜವಾದ ಬೆಲೆ ಎಲ್ಲರಿಗೂ ತಿಳಿಯಿತು. ನೀರು ಏರುತ್ತಿದ್ದ ಓಣಿಗಳಲ್ಲಿ ದೊಡ್ಡ ಲಾರಿ ತಿರುಗುವಂತಿರಲಿಲ್ಲ. ಏಸ್ ಹಿಂದಕ್ಕೆ ಸರಿದು ಮನೆಯ ಬಾಗಿಲಿಗೇ ಹತ್ತುತ್ತಿತ್ತು. ಟ್ರಂಕು, ಧಾನ್ಯದ ಚೀಲ, ದೇವರ ಪಟ, ಬಿಚ್ಚಿದ ಮಗ್ಗದ ಭಾಗಗಳು ಅವುಗಳಲ್ಲಿ ಎತ್ತರದ ಜಾಗಕ್ಕೆ ಹೋದವು. ಬಾಡಿಗೆ ಕೇಳದವರೂ ಇದ್ದರು, ಮೂರುಪಟ್ಟು ಕೇಳಿದವರೂ ಇದ್ದರು. ಇಬ್ಬರ ಹೆಸರೂ ಊರಿಗೆ ನೆನಪಿದೆ.

ಮರುವರ್ಷ ಕೊರೋನಾ. ಅವಶ್ಯಕ ವಸ್ತುಗಳ ಗಾಡಿ ಓಡಬಹುದಾಗಿತ್ತು, ಆದರೆ ಸಂತೆಗಳಿಲ್ಲ, ಮದುವೆಗಳಿಲ್ಲ, ಸೀರೆಗೆ ಗಿರಾಕಿಯಿಲ್ಲ. ರಿಸರ್ವ್ ಬ್ಯಾಂಕು ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತು. ಬಡ್ಡಿ ಮಾತ್ರ ನಿಲ್ಲಲಿಲ್ಲ. ಅದೇ 2020ರ ಏಪ್ರಿಲ್ 1ರಿಂದ ಹೊಗೆಯ ಕುರಿತಾದ ಬಿಎಸ್-6 ನಿಯಮ ಜಾರಿಗೆ ಬಂತು. ಗಾಳಿಗೆ ಒಳ್ಳೆಯದಾಯಿತು. ಆದರೆ ಡೀಸೆಲ್ ಎಂಜಿನ್ ತುಟ್ಟಿಯಾಯಿತು, ಪೆಟ್ರೋಲಿನ ಏಸ್ ಮುಂದೆ ಬಂತು, ಸಂವೇದಕಗಳೂ ಕಂಪ್ಯೂಟರೂ ಗಾಡಿಯೊಳಗೆ ಕುಳಿತವು. ಹಳೆಯ ಏಸನ್ನು ಚಹಾ ಕುಡಿಯುವಷ್ಟರಲ್ಲಿ ಬಿಚ್ಚಿ ಜೋಡಿಸುತ್ತಿದ್ದ ನಮ್ಮೂರಿನ ಮಿಸ್ತ್ರಿಗಳು ಹೊಸ ಗಾಡಿಯ ಮುಂದೆ ಕೈಕಟ್ಟಿ ನಿಂತದ್ದನ್ನು ನೋಡಿದ್ದೇನೆ. ದೀಪವೊಂದು ಹತ್ತಿದರೆ ಬೆಳಗಾವಿಗೋ ಹುಬ್ಬಳ್ಳಿಗೋ ಓಡಬೇಕು. ಆ ದಿನದ ದುಡಿಮೆ ಹೋಯಿತು.

2022ರ ಮೇ ತಿಂಗಳಲ್ಲಿ ವಿದ್ಯುತ್ತಿನಿಂದ ಓಡುವ ಏಸ್ ಬಂತು. 21.3 ಕಿಲೊವ್ಯಾಟ್ ಅವರ್ ಬ್ಯಾಟರಿ, ಹೇರು 600 ಕಿಲೊ, ಒಮ್ಮೆ ತುಂಬಿದರೆ 154 ಕಿಲೊಮೀಟರ್ ಎಂದು ಪ್ರಮಾಣಪತ್ರ. ನಗರದಲ್ಲಿ ಮನೆಮನೆಗೆ ಸಾಮಾನು ಹಂಚುವವರಿಗೆ ಇದು ಸಾಕು. ನಮ್ಮಿಂದ ಬೆಳಗಾವಿಗೆ ಹೋಗಿ ಬರಲು ಸುಮಾರು ಇನ್ನೂರು ಕಿಲೊಮೀಟರ್ ಆಗುತ್ತದೆ. ನಡುವೆ ಎಲ್ಲಿ ನಿಲ್ಲಿಸಿ ಎಷ್ಟು ಹೊತ್ತು ಕಾಯುವುದು ಎಂಬುದನ್ನು ಡ್ರೈವರನೇ ಲೆಕ್ಕ ಹಾಕಬೇಕು.

2025ರ ಜೂನಿನಲ್ಲಿ ಏಸ್ ಪ್ರೊ ಬಂದಾಗ ಇತ್ತೀಚಿನ ಕುಡಿಯನ್ನು ನೋಡಲು ನಾನು ಪತ್ರಿಕೆಯನ್ನು ಕುತೂಹಲದಿಂದ ಬಿಡಿಸಿದೆ. ಪ್ರಾರಂಭದ ಬೆಲೆ 3.99 ಲಕ್ಷ, ಹೇರು ಮತ್ತೆ ಅದೇ 750 ಕಿಲೊ. ಇಪ್ಪತ್ತು ವರ್ಷ ಮೆಗಾ, ಸೂಪರ್ ಎಂದು ಹಿಗ್ಗಿ, ಜಿಪ್ ಎಂದು ಕುಗ್ಗಿ, ಕಂಪನಿ ಮತ್ತೆ ಚಕ್ಕಡಿಯ ಹೇರಿಗೇ ಬಂದು ನಿಂತಿದೆ. ಈ ಅವಧಿಯಲ್ಲಿ 25 ಲಕ್ಷ ಜನ ಏಸ್ ಕೊಂಡಿದ್ದಾರೆಂದು ಕಂಪನಿಯೇ ಹೇಳುತ್ತದೆ. ಅದೇ ಸೆಪ್ಟೆಂಬರಿನಲ್ಲಿ ಸರಕು ವಾಹನಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು. ಮನೆಯಲ್ಲಿ ನಾನು ಬಂಗಾರದ ಲೆಕ್ಕ ಹಾಕಿ ನೋಡಿದೆ. 2005ರಲ್ಲಿ ಒಂದು ಏಸಿಗೆ ಹತ್ತು ಗ್ರಾಮಿನ ಮೂವತ್ತಕ್ಕೂ ಹೆಚ್ಚು ತುಂಡು ಬಂಗಾರ ಬೇಕಾಗುತ್ತಿತ್ತು, 2025ರಲ್ಲಿ ಬಂದದ್ದಕ್ಕೆ ಆಗ ನಾಲ್ಕೇ ಸಾಕಾಗುತ್ತಿತ್ತು. ಇದು ಗಾಡಿ ಅಗ್ಗವಾದುದಕ್ಕಿಂತ ಬಂಗಾರ ತುಟ್ಟಿಯಾದುದನ್ನೇ ಹೆಚ್ಚು ಹೇಳುತ್ತದೆ. ಆದರೂ ಒತ್ತೆಯಿಡುವ ಹೆಣ್ಣುಮಗಳಿಗೆ ವ್ಯತ್ಯಾಸ ವ್ಯತ್ಯಾಸವೇ.

ಮೊದಲ ತಲೆಮಾರಿನ ಏಸುಗಳಲ್ಲಿ ಅನೇಕವು ಈಗ ಬಾಡಿಗೆಗೆ ಓಡುವುದಿಲ್ಲ. ವಯಸ್ಸಾದ ಸರಕು ಗಾಡಿಗೆ ವರ್ಷ ವರ್ಷ ಯೋಗ್ಯತಾ ಪತ್ರ ಪಡೆಯುವುದೇ ಒಂದು ಖರ್ಚು. ಕೆಲವು ಗುಜರಿಗೆ ಹೋಗಿವೆ. ಒಂದೆರಡರ ಹಿಂದಿನ ತೊಟ್ಟಿಗೆ ತಗಡಿನ ಮಾಡು ಹಾಕಿ, ಒಂದು ಬದಿಯ ಹಲಗೆ ಇಳಿಸಿ, ಸಂಜೆ ಗಿರ್ಮಿಟ್ಟು ಮಿರ್ಚಿ ಮಾರುತ್ತಾರೆ. ಅಂಥದೊಂದರ ಮಾಲೀಕ ನನ್ನ ಶಿಷ್ಯನೇ. ಎಂಜಿನ್ ಇನ್ನೂ ಜೀವಂತವಿದೆಯೇ ಎಂದು ಕೇಳಿದೆ. "ದಿನಾ ಮನಿಯಿಂದ ಇಲ್ಲೀತನಕ ತಾನ ಬರ್ತೈತ್ರಿ ಗುರುಗಳ, ದೂಕೂದಿಲ್ಲ" ಎಂದನು. ಮಿರ್ಚಿಯ ದುಡ್ಡು ಮಾತ್ರ ನನ್ನಿಂದ ತೆಗೆದುಕೊಳ್ಳಲಿಲ್ಲ.